ಅವಳಿಗೆ ಬಡಿಸಿದವರು

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಹಾಗನ್ನುವವರಿಗೆ ಅವಳು ಗೊತ್ತಿಲ್ಲ. ಹೋದ ಅವರೆಕಾಯಿ ಕಾಲದಲ್ಲಿ ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಕೆ.ಆರ್. ಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಕಾಯಿ ಸುಲಿಯುತ್ತಾ ಕೂತಿದ್ದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನೀರಿಗಿಂತ ಮುಂಚೆ ಬಂದ ಯೋಚನೆ ಬೇರೆ. ಇದರಲ್ಲೂ ನನಗಿಂತ ಮುಂದೆ ಹೋದಳಲ್ಲ ಅನ್ನಿಸಿತು.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಫೋನು ಮಾಡಿ, ಅವಳ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದೀರಿ ಎನ್ನುತ್ತಾರೆ. ಅದನ್ನು ಕೇಳುವ ಸೈರಣೆ ನನಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಸಮಾಜಕಾರ್ಯ ಓದುತ್ತಿದ್ದ ನಮ್ಮಿಬ್ಬರನ್ನು ಕೊನೆಯ ವರ್ಷದಲ್ಲಿ ಶ್ರೀರಂಗಪಟ್ಟಣದ ಒಂದು ಸಣ್ಣ ಸಂಸ್ಥೆಗೆ ಕಳಿಸಿದರು. ಈಗ ಅದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ, ನಾವು ಫೀಲ್ಡ್ ವರ್ಕ್ ಎನ್ನುತ್ತಿದ್ದೆವು. ಕೋಟೆಯೊಳಗೆ ಎರಡು ಬಾಡಿಗೆ ಕೋಣೆ, ಒಂದು ಕುಂಟು ಮೇಜು, ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು. ಅಷ್ಟೇ ಸಂಸ್ಥೆ. ದುಡಿಯುವ ಗಂಡುಮಕ್ಕಳಿದ್ದಾರೆ ಅನ್ನುವ ಕಾರಣಕ್ಕೆ ಬೇಕಾದಷ್ಟು ಮುದುಕಿಯರಿಗೆ ವೃದ್ಧಾಪ್ಯ ವೇತನ ಸಿಗುತ್ತಿರಲಿಲ್ಲ. ಮಗ ಇರುವುದು ಬೇರೆ, ಅವನು ಅನ್ನ ಹಾಕುವುದು ಬೇರೆ, ಇದನ್ನು ಸರ್ಕಾರಕ್ಕೆ ಮನದಟ್ಟು ಮಾಡಿಸಿ ನಿಯಮ ಬದಲಾಯಿಸಬೇಕು ಅನ್ನುವುದು ಮೇಷ್ಟ್ರ ಹಟ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳನ್ನು ಸುತ್ತಿ, ವಯಸ್ಸಾದವರ ಬಾಯಿಂದಲೇ ಅವರ ಕಷ್ಟ ಹೇಳಿಸಿ, ಬೆಂಗಳೂರಿನಿಂದ ಬರುವ ಅಧಿಕಾರಿಯ ಮುಂದೆ ನಿಲ್ಲಿಸುವುದು ನಮ್ಮ ಕೆಲಸ.

ಮೊದಲ ದಿನವೇ ಮೇಷ್ಟ್ರು ಹೇಳಿಬಿಟ್ಟರು. "ನಿಮ್ಮಿಬ್ಬರಲ್ಲಿ ಒಬ್ಬರನ್ನ ಆಮೇಲೂ ಇಟ್ಕೋತೀನಿ. ಇಬ್ಬರಿಗೂ ಸಂಬಳ ಕೊಡೋ ಶಕ್ತಿ ನನಗಿಲ್ಲ."

ಆ ಕೆಲಸ ನನಗೆ ಬೇಕೇಬೇಕಿತ್ತು. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಒಬ್ಬ ಹುಡುಗ ನನ್ನನ್ನು ನೋಡಿಕೊಂಡು ಹೋಗಿದ್ದ, ನಮ್ಮ ಊರೂ ಆ ಕಡೆಯದೇ. ನಮ್ಮಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಕೆಲ್ಸ ಸಿಕ್ಕುದ್ರೆ ಎಲ್ಡು ವರ್ಸ ತಡೀತೀನಿ. ಇಲ್ದೋದ್ರೆ ಬುಡು, ಯುಗಾದಿ ಕಳುದ್ಮೇಲೆ ಲಗ್ನ ಕಟ್ಸದೆಯ." ಎರಡು ವರ್ಷ ನನ್ನ ಸಂಬಳ, ನನ್ನ ಕೋಣೆ, ನನ್ನ ಚಪ್ಪಲಿ ನಾನೇ ಕೊಂಡುಕೊಳ್ಳುವ ಬದುಕು. ಸಿಗುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಇದು ನನ್ನ ಸೀಮೆ, ಇಲ್ಲಿಯವರ ಮಾತು ನನ್ನ ಮಾತು.

ಅವಳದೋ, ಯಾವ ಸೀಮೆಯೂ ಅಲ್ಲ. ರೈಲ್ವೆ ನೌಕರನ ಮಗಳು. ಅರಸೀಕೆರೆ, ಹುಬ್ಬಳ್ಳಿ, ಆಮೇಲೆ ಇನ್ನೆಲ್ಲೋ ಕ್ವಾರ್ಟರ್ಸುಗಳಲ್ಲಿ ಬೆಳೆದವಳು. ಅವಳ ಕನ್ನಡ ಆಕಾಶವಾಣಿಯ ವಾರ್ತೆಯ ಹಾಗಿತ್ತು. 'ಇಟ್ಟು' ಅಂದರೆ ಮುದ್ದೆ ಅಂತ ಅವಳಿಗೆ ತಿಳಿಯುವುದಕ್ಕೇ ಒಂದು ವಾರ ಹಿಡಿಯಿತು. ಎತ್ತರದ ಆಳು, ಕನ್ನಡಕ ಮೂಗಿನ ತುದಿಗೆ ಜಾರುತ್ತಲೇ ಇರುತ್ತಿತ್ತು. ಯಾರಾದರೂ ಮಾತಾಡುವಾಗ ಜಡೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೇಳುವಳು. ಒಂದು ದಿನವೂ ಹೇಳಿದ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಬಂದವಳಲ್ಲ. ನನ್ನ ಕೊಡೆ ತೆಗೆದುಕೊಂಡು ಹೋಗಿ ಯಾವ ಮುದುಕಿಗೆ ಕೊಟ್ಟುಬಂದಳೋ, ಕೇಳಿದರೆ "ಅಯ್ಯೋ, ಅದು ನಿನ್ನದಾ?" ಎಂದಳು. ಅದರ ಹಿಡಿಯ ಮೇಲೆ ನನ್ನ ಹೆಸರಿನ ಮೊದಲ ಅಕ್ಷರ ಕೊರೆದಿತ್ತು.

ಹೋದ ಮನೆಯಲ್ಲೆಲ್ಲ ಹೊಸ್ತಿಲ ಮೇಲೆ ಕೂರುವಳು. "ಒಸ್ಲು ಮ್ಯಾಲೆ ಕೂರ್ಬಾರ್ದು ಏಳವ್ವ, ಲಕ್ಷ್ಮಿ ಓಡಾಡೋ ಜಾಗ" ಎಂದು ಮುದುಕಿಯರು ಗದರಿಸುವರು. ಇವಳು ದಡಬಡಿಸಿ ಎದ್ದು, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು ಅವರ ಪಕ್ಕದಲ್ಲೇ ಕೂರುವಳು. ಮುಂದಿನ ಮನೆಯಲ್ಲಿ ಮತ್ತೆ ಹೊಸ್ತಿಲು. ಬೈಸಿಕೊಳ್ಳುವುದಕ್ಕೆಂದೇ ಹೀಗೆ ಮಾಡುತ್ತಾಳೆ ಅಂತ ನನಗೆ ಗುಮಾನಿ. ಬೈದವರಿಗೆ ಆಮೇಲೆ ಅವಳ ಮೇಲೆ ಒಂಥರಾ ಅಕ್ಕರೆ ಬಂದುಬಿಡುತ್ತಿತ್ತು.

ಅವಳ ಬಾಯಲ್ಲಿ ಯಾವಾಗಲೂ ಒಂದೇ ಮಾತು. "ಗೊತ್ತಾಗ್ಲಿಲ್ಲ ಅಜ್ಜಿ, ಇನ್ನೊಂದ್ಸಲ ಹೇಳಿ." ವಯಸ್ಸಾದವರಿಗೆ ಅವರವರ ಮನೆಯಲ್ಲಿ ಸಿಗುವ ಉತ್ತರ ಏನೆಂದು ಎಲ್ಲರಿಗೂ ಗೊತ್ತು. ಏಳ್ದುದ್ನೇ ಎಷ್ಟು ಸಲ ಏಳ್ತೀಯ, ಸುಮ್ಕಿರು. ಅಂಥವರಿಗೆ ಯಾರೋ ಒಬ್ಬಳು ಎದುರು ಕೂತು ಇನ್ನೊಂದು ಸಲ ಹೇಳಿ ಅಂದರೆ ಹೇಗಾಗಬೇಡ. ಅವರು ಇನ್ನೊಂದು ಸಲ ಹೇಳುವರು. ಎರಡನೆಯ ಸಲ ಹೇಳುವಾಗ ಮೊದಲ ಸಲ ಬಿಟ್ಟಿದ್ದೆಲ್ಲ ಹೊರಗೆ ಬರುತ್ತಿತ್ತು. ನಾನೋ ಮೊದಲನೆಯ ಸಲಕ್ಕೇ ಎಲ್ಲ ಅರ್ಥಮಾಡಿಕೊಂಡು ತಲೆಯಾಡಿಸಿ ಎದ್ದುಬರುವವಳು.

ಪಾಂಡವಪುರದ ಕಡೆಯ ಒಂದು ಹಳ್ಳಿ. ಜಗುಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳನ್ನು ನಾನೇ ಮೊದಲು ಮಾತಾಡಿಸಿದೆ.

"ಯಾವೂರವ್ವ?" ಎಂದಳು.

"ಮಾಕವಳ್ಳಿ ಕಡೆ ಅಜ್ಜಿ."

"ಯಾರ್ ಮನೆ?"

ಹೇಳಿದೆ. ಅವಳು ಕಣ್ಣು ಕಿರಿದು ಮಾಡಿದಳು. "ನಿಮ್ಮ ಸೋದ್ರತ್ತೇನ ಈ ಪಕ್ಕದೂರ್ಗೇ ಅಲ್ವಾ ಕೊಟ್ಟಿರಾದು?"

"ಹೂಂ ಅಜ್ಜಿ."

"ಅಂಗಾದ್ರೆ ನಮ್ ಸೊಸೆಗೆ ನೀನು ವರ್ಸೇಲಿ ನಾದ್ನಿ ಆಗ್ಬೇಕು ಕಣವ್ವ. ಒಳೀಕ್ ಬಾ, ಮಜ್ಗೆ ಕುಡಿ."

ಮಜ್ಜಿಗೆ ಬಂತು, ಮಾತು ಬರಲಿಲ್ಲ. ಸೊಸೆ ಚಿನ್ನದಂಥವಳು, ಮಗ ದೇವರಂಥವನು, ತನಗೆ ಯಾವುದಕ್ಕೂ ಕೊರತೆಯಿಲ್ಲ. ಬರುತ್ತದಾದರೂ ಹೇಗೆ? ನನ್ನ ಕಿವಿಗೆ ಬಿದ್ದದ್ದು ನಮ್ಮ ಸೋದರತ್ತೆಯ ಕಿವಿಗೆ, ಅಲ್ಲಿಂದ ಸೊಸೆಯ ತವರಿಗೆ, ಅಲ್ಲಿಂದ ಮತ್ತೆ ಅದೇ ಅಡುಗೆಮನೆಗೆ ಬರುತ್ತದೆ. ನಾನು ಲೋಟ ಇಡಲು ಹಿತ್ತಲಿಗೆ ಹೋದಾಗ ಜಗುಲಿಯಿಂದ ಮಾತು ಕೇಳಿಸಿತು.

"ನೀನ್ಯಾರ್ ಮಗಳವ್ವ?"

"ನಮ್ಮಪ್ಪ ರೈಲ್ವೆಲಿದ್ದಾರೆ ಅಜ್ಜಿ."

"ನಮಗ್ಯಾರ್ಗೂ ಆಗ್ಬೇಕಾದೋಳಲ್ಲ?"

"ಅಲ್ಲ ಅಜ್ಜಿ."

"ಒಳ್ಳೇದಾಯ್ತು. ಇತ್ತಗೆ ಬಂದು ಕೂತ್ಕೊ."

ಆಮೇಲೆ ಒಂದು ಗಳಿಗೆ ಆ ಅಜ್ಜಿ ಪಿಸುಪಿಸು ಮಾತಾಡಿದಳು, ನಡುವೆ ಮೂಗು ಸೀಟಿದ ಸದ್ದು ಬಂತು. ನಾನು ಹಿತ್ತಲಲ್ಲಿ ನಾದಿನಿಯ ವರಸೆಯಲ್ಲಿ ನಿಂತಿದ್ದೆ. ಯಾರಿಗೂ ಸೇರದೆ ಇರುವುದು ಇಷ್ಟು ದೊಡ್ಡ ಆಸ್ತಿ ಅಂತ ನನಗೆ ಅಂದು ತಿಳಿಯಿತು. ಅದು ನನಗೆ ಈ ಜನ್ಮದಲ್ಲಿ ದಕ್ಕುವ ಆಸ್ತಿಯಲ್ಲ.

ಹೊರಗಿನವರ ಮಾತು ಹಾಳಾಗಲಿ. ಒಂದು ಭಾನುವಾರ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಹೋದೆ. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದಳು. ಖಡಕ್ ಹೆಂಗಸು. ತಲೆ ಬಾಚುತ್ತೇನೆ ಬಾ ಅಂದರೆ "ನಿನ್ ಕೈ ವರಟು, ಓಗ್" ಅನ್ನುವವಳು. ನಾವೆಲ್ಲ ನಡುಮನೆಯಲ್ಲಿ ಉಣ್ಣುವುದು, ಅಜ್ಜಿಗೆ ಮಾತ್ರ ಅಡುಗೆಮನೆಯ ಮೂಲೆ. ಯಾರೂ ಹೇಳಿ ಮಾಡಿದ್ದಲ್ಲ, ಮಂಡಿನೋವು ಬಂದ ಮೇಲೆ ಹಾಗಾಯಿತು, ಹಾಗೇ ಉಳಿಯಿತು. ಇವಳು ತಟ್ಟೆ ಎತ್ತಿಕೊಂಡು ನೇರ ಆ ಮೂಲೆಗೇ ಹೋಗಿ ಕೂತಳು. ಕೂತು ಮುದ್ದೆಯನ್ನು ಅಗಿಯತೊಡಗಿದಳು.

ಅಜ್ಜಿ ನಕ್ಕ ಸದ್ದು ನಡುಮನೆಗೆ ಕೇಳಿಸಿತು. "ಲೇ ಮಗ, ಇಟ್ಟ ಅಗೀತಾರೇನೇ? ಸಾರ್ನಲ್ಲಿ ಅದ್ದಿ ನುಂಗು. ಇಂಗೆ, ನೋಡು. ನಂಗೆ ಬಾಯಲ್ಲಿ ಒಂದ್ ಅಲ್ಲಿಲ್ದಿದ್ರೂ ಉಣ್ತಾ ಇಲ್ವಾ?"

"ಗೊತ್ತಾಗ್ಲಿಲ್ಲ ಅಜ್ಜಿ, ಇನ್ನೊಂದ್ಸಲ ತೋರಿಸಿ."

ಸಂಜೆ ಹೊರಡುವಾಗ ಅಜ್ಜಿ ಅವಳಿಂದ ತಲೆ ಬಾಚಿಸಿಕೊಂಡು ಕೂತಿದ್ದಳು. ನನಗೆ ಆದ ಉರಿಯನ್ನು ಏನೆಂದು ಹೇಳಲಿ. ಅವಳ ಕೈ ನನ್ನ ಕೈಗಿಂತ ಒರಟು, ಬೇಕಾದರೆ ಯಾರನ್ನಾದರೂ ಕೇಳಿ.

ಮಾರನೆಯ ದಿನ ನಾಗಮಂಗಲದ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಾ ಹೇಳಿದಳು. "ನಿಮ್ಮಜ್ಜಿ ಒಂದು ಮಾತು ಹೇಳಿದ್ರು. ನಿನಗೆ ಗೊತ್ತೇ ಇರುತ್ತೆ."

"ಏನು?"

"'ಈ ಮನೇಲಿ ಯಾವ್ದುಕ್ಕೂ ಕಮ್ಮಿ ಇಲ್ಲ. ವತ್ತೊತ್ಗೆ ಇಕ್ತಾರೆ. ಆದ್ರೆ ಇಕ್ಕೋರು ಮೊಕ ನೋಡಲ್ಲ' ಅಂದ್ರು."

ನಮ್ಮಜ್ಜಿಯ ಮಾತನ್ನು ನಮ್ಮಜ್ಜಿಯ ನುಡಿಯಲ್ಲೇ ಅವಳು ಆಡಿ ತೋರಿಸಿದಳು, ಅದೂ ಚೆನ್ನಾಗಿ. "ಗೊತ್ತು" ಎಂದೆ. ನನಗೆ ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಒಂದೇ ಸೂರಿನಡಿ ಇದ್ದವಳು ನಾನು, ಒಂದೇ ಒಂದು ಊಟಕ್ಕೆ ಬಂದವಳು ಅವಳು.

ಅಧಿಕಾರಿ ಬರುವ ದಿನ ಹತ್ತಿರವಾಯಿತು. ನಾಗಮಂಗಲದ ಒಂದು ಭವನದಲ್ಲಿ ಸಭೆ. ಮಾತಾಡುವ ಮುದುಕಿಯರನ್ನು ಸಿದ್ಧ ಮಾಡುವ ಹೊಣೆ ಮೇಷ್ಟ್ರು ನನಗೆ ಕೊಟ್ಟರು. ಇಲ್ಲಿ ನಾನು ಗೆಲ್ಲಬೇಕು, ಗೆದ್ದರೆ ಕೆಲಸ ನನ್ನದು. ನಾಲ್ವರನ್ನು ಆರಿಸಿದೆ. ಅವರ ಮುಂದಾಳು ಚಿಕ್ಕತಾಯಮ್ಮ. ಮೂವರು ಗಂಡುಮಕ್ಕಳು ಹೊಲ ಪಾಲು ಮಾಡಿಕೊಂಡಾಗ ತಾಯಿಯ ಊಟವನ್ನೂ ಸರದಿಗೆ ಹಂಚಿಕೊಂಡಿದ್ದರು. ಸರದಿ ಯಾರದೆಂದು ಜಗಳ ಬಂದಾಗಲೆಲ್ಲ ಆ ತಾಯಿ ಕೊಟ್ಟಿಗೆಯಲ್ಲಿ ಮೂರು ಕಲ್ಲಿಟ್ಟು ತಾನೇ ಬೇಯಿಸಿಕೊಳ್ಳುತ್ತಿದ್ದಳು. ಜಗಳ ದಿನಾ ಇರುತ್ತಿತ್ತು.

ನಾಲ್ವರನ್ನೂ ಕೂರಿಸಿಕೊಂಡು ಅವರ ಮಾತಿನಲ್ಲೇ ಹೇಳಿಕೊಟ್ಟೆ. "ಸಾಯೇಬ್ರು ಕೇಳುದ್ರೆ, ನೋಡ್ಕಳೋ ಗಂಡುಮಕ್ಳು ನಂಗಿಲ್ಲ ಬುದ್ಧಿ ಅನ್ನಿ. ಅಷ್ಟೆ, ಇನ್ನೇನೂ ಬ್ಯಾಡ."

"ಆಯ್ತು ಕಣವ್ವ, ಅಂಗೇ ಅಂತೀವಿ" ಎಂದಳು ಚಿಕ್ಕತಾಯಮ್ಮ. ಉಳಿದವರು ತಲೆಯಾಡಿಸಿದರು.

ಸಭೆಯ ದಿನ ಅಧಿಕಾರಿ ಸೌಜನ್ಯದಿಂದಲೇ ಕೇಳಿದರು. "ಗಂಡುಮಕ್ಕಳಿದ್ದಾರೇನಮ್ಮ?"

ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ಅವ್ರೆ ಬುದ್ಧಿ. ಮೂರ್ ಜನ. ಒಬ್ಬೊಬ್ಬ್ನೂ ಆನೆಯಂಗವ್ನೆ."

"ನೋಡ್ಕೋತಾರಾ?"

"ಅಂಗೈಲಿಟ್ಕಂಡು ನೋಡ್ಕತಾರೆ."

ಎರಡನೆಯವಳೂ ಅದನ್ನೇ ಹೇಳಿದಳು. ನಾನು ಪಕ್ಕದಿಂದ ಕಣ್ಣು ಬಿಟ್ಟೆ, ಕೆಮ್ಮಿದೆ, ಅವರು ನನ್ನ ಕಡೆ ತಿರುಗಲೇ ಇಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಮೇಷ್ಟ್ರತ್ತ ನೋಡಿ ನಕ್ಕರು. "ಎಲ್ಲ ಚೆನ್ನಾಗೇ ಇದ್ದಾರಲ್ಲ ಮೇಷ್ಟ್ರೇ." ಮೇಷ್ಟ್ರ ಮುಖ ಕಪ್ಪಿಟ್ಟಿತು. ನನ್ನ ಎರಡು ವರ್ಷ ಆ ಮುಚ್ಚಳದೊಳಗೆ ಹೋದದ್ದು ನನಗೆ ಕಾಣಿಸಿತು.

ಆಗ ಅವಳು ಎದ್ದಳು. ಬಾಯಿಂದ ಜಡೆ ತೆಗೆದು, "ಸಾರ್, ನಾನೊಂದು ಮಾತು ಕೇಳಬಹುದಾ?" ಎಂದು ಉತ್ತರಕ್ಕೂ ಕಾಯದೆ ಚಿಕ್ಕತಾಯಮ್ಮನ ಹತ್ತಿರ ಹೋದಳು.

"ಅಜ್ಜಿ, ಬೆಳಗ್ಗೆ ಏನುಂಡ್ರಿ?"

"ಇಟ್ಟು."

"ಯಾರಿಕ್ಕಿದ್ರು?"

ಚಿಕ್ಕತಾಯಮ್ಮ ತನ್ನ ಕಾಲಿನ ಬೆರಳು ನೋಡಿಕೊಂಡಳು. "ಯಾರೂ ಇಕ್ಲಿಲ್ಲ ಕಣ್ ಮಗ. ನಾನೇ ಬೇಯ್ಸ್ಕಂಡೆ."

"ನಿನ್ನೆ?"

"ನಿನ್ನೇನೂವೆ."

"ಎಲ್ಲಿ ಬೇಯಿಸ್ಕೊಂಡ್ರಿ?"

"ದನಿನ್ ಕೊಟ್ಗೇಲಿ."

"ಗೊತ್ತಾಗ್ಲಿಲ್ಲ ಅಜ್ಜಿ, ಇನ್ನೊಂದ್ಸಲ ಹೇಳಿ."

ಆ ಹೊತ್ತಿಗೆ ಅವಳಿಗೆ ನಮ್ಮ ಮಾತು ನೀರು ಕುಡಿದಷ್ಟು ಸಲೀಸಾಗಿತ್ತು. ಅವಳಿಗೆ ಗೊತ್ತಾಗದೆ ಏನು? ಚಿಕ್ಕತಾಯಮ್ಮ ಇನ್ನೊಂದು ಸಲ ಹೇಳಿದಳು, ಈ ಸಲ ಗಟ್ಟಿಯಾಗಿ, ಅಧಿಕಾರಿಯ ಕಡೆ ತಿರುಗಿ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಪ್ರತಿಯೊಬ್ಬಳನ್ನೂ ಅವರೇ ಕೇಳಿದರು, ಬೆಳಗ್ಗೆ ಯಾರಮ್ಮ ಬಡಿಸಿದ್ದು.

ಸಭೆ ಮುಗಿದ ಮೇಲೆ ನಾನು ಚಿಕ್ಕತಾಯಮ್ಮನನ್ನು ಹೊಂಗೆ ಮರದ ಕೆಳಗೆ ಹಿಡಿದೆ. "ಅಷ್ಟು ಏಳ್ಕೊಟ್ಟಿದ್ನಲ್ಲ, ಯಾಕಂಗಂದೆ?"

"ಇರೋ ಮಕ್ಳ ಇಲ್ಲ ಅಂತ ಬಾಯ್ಬುಟ್ಟು ಎಂಗವ್ವ ಅನ್ಲಿ? ಅಸ್ತು ದೇವ್ತೆಗೋಳು ಮ್ಯಾಲೆ ತಿರುಗಾಡ್ತಿರ್ತಾವೆ. ಅಸ್ತು ಅಂದ್ಬುಟ್ರೆ?"

ಮನೆಯಲ್ಲಿ ಅಕ್ಕಿ ಮುಗಿದಾಗ 'ಇಲ್ಲ' ಅಂದರೆ ನಮ್ಮಜ್ಜಿ ಬಾಯಿಗೆ ಹೊಡೆಯುತ್ತಿದ್ದಳು, 'ತುಂಬೈತೆ' ಅನ್ನಬೇಕು. ದೀಪವನ್ನು ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಇಂಥ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಒಬ್ಬ ತಾಯಿಗೆ ಮಗನನ್ನು ಇಲ್ಲವೆನ್ನು ಅಂತ ಹೇಳಿಕೊಟ್ಟಿದ್ದೆ. ತಾಯಿಯ ಬಾಯಲ್ಲಿ ಆ ಮಾತು ಬಾರದು ಅನ್ನುವುದು ರೈಲ್ವೆ ಕ್ವಾರ್ಟರ್ಸಿನವಳಿಗೆ ಹೊಳೆದಿತ್ತು. ಹೇಗೆ ಹೊಳೆಯಿತು ಎಂದು ಕೇಳಿದ್ದಕ್ಕೆ ಅವಳು ಸಲೀಸಾಗಿ ಹೇಳಿದಳು. "ಮಗನ ಬಗ್ಗೆ ಕೇಳಿದ್ರೆ ಮಗನ್ನ ಕಾಪಾಡ್ತಾರೆ ಕಣೆ. ಅನ್ನದ ಬಗ್ಗೆ ಕೇಳಿದ್ರೆ ಸುಳ್ಳು ಹೇಳಲ್ಲ."

ನಿಯಮವೇನೂ ಅಂದೇ ಬದಲಾಗಲಿಲ್ಲ. ಆ ನಾಲ್ವರಿಗೆ ಮಾತ್ರ ಕೆಲವು ತಿಂಗಳ ಮೇಲೆ ವೇತನ ಬರತೊಡಗಿತು. ಮಿಕ್ಕವರಿಗಾಗಿ ಅವಳು ಇದೇ ಪ್ರಶ್ನೆ ಹಿಡಿದುಕೊಂಡು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದಳು. ಅಲೆದವಳು ಅವಳೇ, ಏಕೆಂದರೆ ಮೇಷ್ಟ್ರು ಇಟ್ಟುಕೊಂಡಿದ್ದು ಅವಳನ್ನು. ನನ್ನನ್ನು ಕರೆದು ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ನಿನಗೆ ಎಲ್ಲಾ ಗೊತ್ತಮ್ಮ. ಅವಳಿಗೆ ಏನೂ ಗೊತ್ತಿಲ್ಲ. ಅದಕ್ಕೇ ಅವಳನ್ನ ಇಟ್ಕೋತಾ ಇದ್ದೀನಿ." ಬಸ್ಸಿನಲ್ಲಿ ಕರಿಘಟ್ಟದ ಬೆಟ್ಟ ಹಿಂದೆ ಸರಿಯುವವರೆಗೂ ನಾನು ಅತ್ತೆ. ದುಃಖಕ್ಕಲ್ಲ, ಉರಿಗೆ.

ಯುಗಾದಿ ಕಳೆದ ಮೇಲೆ ನನ್ನ ಮದುವೆಯಾಯಿತು. ಗಂಡ ಒಳ್ಳೆಯವನು, ಆ ದೂರು ಇಲ್ಲ. ಆದರೆ ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮಜ್ಜಿ ಎಲೆಯ ಮುಂದೆ ಕೈಕಟ್ಟಿ ಕೂತು, "ಆ ರೈಲ್ ಮಗ ಬರ್ಲಿ, ಆಮೇಲ್ ಉಣ್ತೀನಿ" ಎಂದಳು. ರೈಲು ಮಗ ಎಂದಿನಂತೆ ತಡವಾಗಿ ಬಂದಳು. ಅಲ್ಲಿಯವರೆಗೆ ಅಜ್ಜಿ ಉಣ್ಣಲಿಲ್ಲ. ಆಮೇಲೊಮ್ಮೆ ನಾನು ತವರಿಗೆ ಹೋದಾಗ ಅಜ್ಜಿಗೆ ನಾನೇ ಬಡಿಸಿ, ಎದುರು ಕೂತು ಮುಖ ನೋಡಿದೆ. ಅಜ್ಜಿ ತುತ್ತು ನಿಲ್ಲಿಸಿ ಕೇಳಿದಳು. "ಏನವ್ವ, ಮೊಕ ಅಂಗ್ ನೋಡೀಯೆ? ಆ ಮಗ ಏಳ್ಕೊಟ್ಲಾ?"

ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅವಳು ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಗುವಳು. ಕೂದಲು ನೆರೆಯಿತು, ಕನ್ನಡಕ ದಪ್ಪವಾಯಿತು, ಜಡೆ ಕಚ್ಚುವ ಚಾಳಿ ಬಿಡಲಿಲ್ಲ. ಮದುವೆಯಾಗಲಿಲ್ಲ. ಗಂಜಾಂನಲ್ಲಿ, ನಿಮಿಷಾಂಬ ದೇವಸ್ಥಾನಕ್ಕೆ ಹೋಗುವ ದಾರಿಯ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ. ಒಂಟಿ. ಸುಳ್ಳೇಕೆ, ಅದನ್ನು ನೆನೆದಾಗ ನನಗೆ ಕೊಂಚ ಸಮಾಧಾನವಾಗುತ್ತಿತ್ತು. ಎಲ್ಲಾ ಇವಳಿಗೇ ಸಿಕ್ಕಿತು, ನನಗೆ ಕೊನೆಗೆ ತುಂಬಿದ ಮನೆಯಾದರೂ ಇದೆ ಅಂದುಕೊಳ್ಳುತ್ತಿದ್ದೆ.

ಆ ಸಮಾಧಾನವನ್ನೂ ಅವಳು ಉಳಿಸಲಿಲ್ಲ.

ನಾನು ಗಂಜಾಂ ತಲುಪುವಷ್ಟರಲ್ಲಿ ಅವಳನ್ನು ಪಶ್ಚಿಮವಾಹಿನಿಯ ಮಸಣಕ್ಕೆ ಒಯ್ದಾಗಿತ್ತು. ಮನೆ ತೊಳೆದಿದ್ದರು, ಬಾಗಿಲಲ್ಲಿ ನೀರು ಇನ್ನೂ ಆರಿರಲಿಲ್ಲ. ಜಗುಲಿಯ ತುಂಬ ಮುದುಕಿಯರು. ಒಬ್ಬೊಬ್ಬಳೂ ಅವಳಿಗಿಂತ ಇಪ್ಪತ್ತು ಮೂವತ್ತು ವರ್ಷಕ್ಕೆ ದೊಡ್ಡವಳು. ಎದುರು ಮನೆಯ ಸಣ್ಣಮ್ಮ ಅನ್ನುವವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಹೋದವಳು ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು ಅಂತ ನನಗೆ ತಿಳಿದದ್ದೇ ಆಗ.

ನನಗೆ ಗೊತ್ತಿಲ್ಲದೆಯೇ ಅವಳ ಪ್ರಶ್ನೆ ನನ್ನ ಬಾಯಿಗೆ ಬಂತು. "ಅಜ್ಜಿ, ಅವಳಿಗೆ ಊಟ ಯಾರು ಇಕ್ತಿದ್ರು?"

"ನಾವೆ ಕಣವ್ವ. ಸರ್ದಿ ಮಾಡ್ಕಂಡಿದ್ವಿ, ಈ ಬೀದಿಯೋರು."

ಪಕ್ಕದವಳು ಬಾಯಿ ಹಾಕಿದಳು. "ನಿಂದೇನು ಬುಡು, ನನ್ ಸರ್ದೀನೂ ನೀನೇ ಕಿತ್ಕತಿದ್ದೆ."

"ಕಿತ್ಕಂಡೆ. ನಿನ್ ಸಾರ್ಗೆ ಉಪ್ಪೆಲ್ಲಿರ್ತಿತ್ತು?"

ಸರದಿಗಾಗಿ ಮಕ್ಕಳು ಜಗಳವಾಡಿದ್ದನ್ನು ನಾವಿಬ್ಬರೂ ನಾಲ್ಕು ತಾಲ್ಲೂಕುಗಳಲ್ಲಿ ಕೇಳಿದ್ದೆವು. ಅಲ್ಲಿ ನನ್ನ ಸರದಿಯಲ್ಲ ಅನ್ನುವ ಜಗಳ. ಇಲ್ಲಿ ನನ್ನದು ಅನ್ನುವ ಜಗಳ, ಅದೂ ಅವಳು ಹೋದ ಮೇಲೆ.

ಸಣ್ಣಮ್ಮ ಕಣ್ಣೊರೆಸಿಕೊಂಡು ಹೇಳಿದಳು. "ಇವತ್ತು ನಂದೇ ಇತ್ತು. ಇದುಕಿದ ಬೇಳೆ ಸಾರು ಬೇಕು ಅಂದಿದ್ಲು. ಅವರೆಕಾಳ್ ನೆನ್ಸಿ, ಬೆಳಗ್ಗೆ ಎದ್ದು ಒಂದೊಂದಾಗಿ ಇದುಕ್ಕಂಡು ಕೂತಿದ್ದೆ. ಅಷ್ಟ್ರಲ್ಲೇ ಓಗ್ಬುಟ್ಲು ಅಂತ ಕರೆದ್ರು." ನನ್ನ ಕಡೆ ತಿರುಗಿದಳು. "ನೀನು ಉಂಡ್ಯೇನವ್ವ?"

"ಇಲ್ಲ."

"ಎಣ ಎತ್ತಾಯ್ತು, ಒಲೆ ಅಚ್ತೀನಿ. ಬಾ."

ಸಣ್ಣಮ್ಮನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತೆ. ಮುದ್ದೆ, ಬಿಸಿ ಸಾರು, ಹಿತುಕಿದ ಬೇಳೆ ಬೆಣ್ಣೆಯಂತಿತ್ತು. ಬಡಿಸಿದ ಮುದುಕಿ ಎದ್ದು ಹೋಗಲಿಲ್ಲ. ಸೌಟು ಹಿಡಿದು ಎದುರಿಗೇ ಕೂತು, ನಾನು ನುಂಗುವ ಪ್ರತಿ ತುತ್ತಿಗೂ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಮದುವೆಯಾದಾಗಿನಿಂದ, ಅಲ್ಲ, ಅದಕ್ಕೂ ಹಿಂದಿನಿಂದ, ನನ್ನ ಮುಖ ನೋಡುತ್ತಾ ಯಾರಾದರೂ ನನಗೆ ಬಡಿಸಿದ್ದು ನೆನಪಾಗಲಿಲ್ಲ. ತುಂಬಿದ ಮನೆಯಲ್ಲಿ ಬಡಿಸುವವಳು ನಾನೇ. ಒಂಟಿ ಅಂತ ನಾನಂದುಕೊಂಡಿದ್ದ ಅವಳು ಮಾತ್ರ ಆರು ತಿಂಗಳು, ದಿನಾ ಎರಡು ಹೊತ್ತು, ಹೀಗೆ ಉಂಡಿದ್ದಳು.

"ಸಾಕಾ?" ಎಂದಳು ಸಣ್ಣಮ್ಮ.

"ಇನ್ನೊಂದು ಸೌಟು ಹಾಕಜ್ಜಿ" ಎಂದೆ. ಅದು ಹೋದವಳ ಪಾಲಿನದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.